ನಿಮಗಿದು ಗೊತ್ತೇ? ಬೀರೂರು ಜಂಕ್ಷನ್ನಿನ ಆಸುಪಾಸಿನ ದಲಿತ ಸಾಹಿತ್ಯ

ಮನೆಮಾತು ಕನ್ನಡವಲ್ಲದ, ಲಿಪಿಯೇ ಇಲ್ಲದ ನುಡಿಯಲ್ಲಿ ಬೆಳೆದ ಕಡೂರು ತಾಲ್ಲೂಕಿನ ಹೆಣ್ಣುಮಗಳೊಬ್ಬರು ಕನ್ನಡದ ಕಥೆಗಾರ್ತಿಯಾಗಿ, ಕೊನೆಗೆ ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವೆಯೂ ಆದರು, ಗೊತ್ತೇ? ಬಿ.ಟಿ. ಲಲಿತಾ ನಾಯಕ್ ಹುಟ್ಟಿದ್ದು 1945ರಲ್ಲಿ, ಕಡೂರು ತಾಲ್ಲೂಕಿನ ಲಂಬಾಣಿಗರ ತಂಗಲಿ ತಾಂಡದಲ್ಲಿ. ‘ನೆಲೆ-ಬೆಲೆ’, ‘ಹಬ್ಬ ಮತ್ತು ಬಲಿ’, ‘ಗತಿ’ ಅವರ ಪುಸ್ತಕಗಳು. ಮಕ್ಕಳಿಗೆಂದು ಬರೆದದ್ದು ‘ನಮ್ಮ ರೂಪ್ಲಿ’. ಈ ಹೆಸರುಗಳನ್ನು ಒಮ್ಮೆ ಗಮನಿಸಿ. ತಾಂಡದ ಹುಡುಗಿಯ ಹೆಸರು ಮಕ್ಕಳ ಪುಸ್ತಕದ ರಕ್ಷಾಪುಟದ ಮೇಲೆ ಬರುವುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ತಾಂಡದ ಮಗು ಅಲ್ಲಿಯತನಕ ಪಠ್ಯದಲ್ಲಿ ಕಾಣಿಸಿದ್ದರೆ ಜಾತ್ರೆಯಲ್ಲಿ ಬಣ್ಣಬಣ್ಣದ ಲಂಗ ತೊಟ್ಟು ಕುಣಿಯುವವಳಾಗಿ ಕಾಣಿಸುತ್ತಿದ್ದಳು, ಅಷ್ಟೇ. ಲಲಿತಾ ನಾಯಕ್ ಆ ಲಂಗ ಹೊಲಿದ ಕೈಯ ಕೂಲಿ ಎಷ್ಟು, ಆ ಕೈಗೆ ಅಕ್ಷರ ಸಿಕ್ಕಿತೇ ಎಂದು ಕೇಳಿದವರು.

1994ರ ವಿಧಾನಸಭಾ ಚುನಾವಣೆಯಲ್ಲಿ ಅವರು ಗೆದ್ದದ್ದು ತವರು ಜಿಲ್ಲೆಯಿಂದಲ್ಲ, ದೂರದ ರಾಯಚೂರಿನ ದೇವದುರ್ಗದಿಂದ. ಜನತಾದಳ ಸರ್ಕಾರದಲ್ಲಿ ಸಚಿವೆಯಾದರು. ಅದಕ್ಕೂ ಮೊದಲು ‘ಲಂಕೇಶ್ ಪತ್ರಿಕೆ’ಯ ಪುಟಗಳಲ್ಲಿ ಓದುಗರಿಗೆ ಪರಿಚಿತರಾಗಿದ್ದರು. 1980ರಲ್ಲಿ ಶುರುವಾದ ಆ ವಾರಪತ್ರಿಕೆ ಅದುವರೆಗೆ ಅಚ್ಚಿನ ಲೋಕ ಕಣ್ಣೆತ್ತಿಯೂ ನೋಡದಿದ್ದ ಹೆಣ್ಣುಮಕ್ಕಳನ್ನು ಕರೆಕರೆದು ಬರೆಸಿತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಹಾಸನದ ಬಾನು ಮುಷ್ತಾಕ್ ಬರೆದದ್ದೂ ಅದರಲ್ಲೇ.

ಬೀರೂರು ಜಂಕ್ಷನ್ನಿನಲ್ಲಿ ರೈಲು ಬದಲಿಸಿದವರಿಗೆ ಒಂದು ಪ್ರಶ್ನೆ. ಆ ಹಳಿಗೂ ತಾಂಡಗಳ ಬಡತನಕ್ಕೂ ನಂಟಿದೆ, ಗೊತ್ತೇ? ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಸೀಮೆಯಿಂದ ಸೀಮೆಗೆ, ದಂಡಿನ ಹಿಂದೆ ದಂಡಾಗಿ ಸಾಗುವುದು ಲಂಬಾಣಿಗರ ಕಸುಬಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂತು. ಕಡೂರು, ಬೀರೂರು, ಅಜ್ಜಂಪುರ ದಾಟಿ ಹರಿಹರಕ್ಕೆ ಹೋಗುವ ಹಳಿ 1880ರ ದಶಕದ ಕೊನೆಗೆ ಸಿದ್ಧವಾಯಿತು. ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗುವ ಕವಲು 1899ರಲ್ಲಿ ತೆರೆಯಿತು. ನೂರಾರು ಎತ್ತು ಹೊರುವ ಹೇರನ್ನು ಗೂಡ್ಸ್ ಗಾಡಿಯ ಒಂದೆರಡು ಡಬ್ಬಿ ಹೊತ್ತವು. ಹೇರೆತ್ತಿನ ವ್ಯಾಪಾರ ನಿಂತಿತು. ಅಲೆಯುತ್ತಿದ್ದವರು ಕಾಡಂಚಿನಲ್ಲಿ, ಕಾವಲಿನ ಪಕ್ಕದಲ್ಲಿ, ಊರಿನಿಂದ ಆಚೆ ನಿಂತುಬಿಟ್ಟರು. ಸೌದೆ, ಕೂಲಿ, ಸುಗ್ಗಿಯ ವಲಸೆ ಅವರ ಪಾಲಾಯಿತು.

ಅಷ್ಟೇ ಆಗಿದ್ದರೆ ಬದುಕು ಹೇಗೋ ಸಾಗುತ್ತಿತ್ತು. ಆದರೆ ಹಳಿ ಬರುವ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿದ ಮಗುವನ್ನೂ ಕಳ್ಳನ ಪಟ್ಟಿಗೆ ಸೇರಿಸುವ ಕ್ರಮ ಶುರುಮಾಡಿತು. ಅಲೆಮಾರಿ ಕೊರಚರು, ಕೆಲವು ಪ್ರಾಂತ್ಯಗಳಲ್ಲಿ ಲಂಬಾಣಿ ಗುಂಪುಗಳು ಅದರ ಕೈಗೆ ಸಿಕ್ಕವು. ಕಾಯ್ದೆ ತೊಲಗಿದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು.

ಇದು ನನಗೆ ಬಹಳ ಮುಖ್ಯವೆನಿಸುವ ಸಂಗತಿ: ಕಡೂರಿನ ಲಂಬಾಣಿ ಪರಿಶಿಷ್ಟ ಜಾತಿ, ಕಲಬುರಗಿಯ ಲಂಬಾಣಿ ಅಲ್ಲ ಎಂಬ ಸ್ಥಿತಿ ಎರಡು ದಶಕ ನಡೆಯಿತು. ಹಳೆ ಮೈಸೂರಿನ ಜಿಲ್ಲೆಗಳಲ್ಲಿ ಲಂಬಾಣಿ (ಬಂಜಾರ), ಭೋವಿ, ಕೊರಚ, ಕೊರಮರು ಪಟ್ಟಿಯಲ್ಲಿದ್ದರು. ಮುಂಬಯಿ ಮತ್ತು ಹೈದರಾಬಾದ್ ಪ್ರಾಂತ್ಯಗಳಿಂದ ಬಂದು ಸೇರಿದ ಜಿಲ್ಲೆಗಳಲ್ಲಿ ಅವರು ಪಟ್ಟಿಯ ಹೊರಗಿದ್ದರು. 1976ರ ತಿದ್ದುಪಡಿ ಕಾಯ್ದೆ ಈ ಪ್ರಾದೇಶಿಕ ಗೆರೆ ಅಳಿಸಿತು. ಒಂದೇ ಜನ, ಒಂದೇ ಮಾತು, ಒಂದೇ ದೇವರು. ಹುಟ್ಟಿದ ಜಿಲ್ಲೆಯ ಮೇಲೆ ಹಾಸ್ಟೆಲ್ ಸೀಟು ನಿರ್ಧಾರವಾಗುತ್ತಿತ್ತು.

ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ನಾನಾ ಕಡೆಯ ಬಂಜಾರರು ಬಂದು ಸೇರುವ ಸೂರಗೊಂಡನಕೊಪ್ಪ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಫೆಬ್ರವರಿ 15ರ ಜಯಂತಿಗೆ ಕಡೂರು, ತರೀಕೆರೆ ಸೀಮೆಯ ತಾಂಡಗಳವರಿಗೂ ಅದು ದೂರದ ದಾರಿಯಲ್ಲ.

ತಾಂಡಕ್ಕೆ ತನ್ನದೇ ಪಂಚಾಯ್ತಿ ಇತ್ತು. ನಾಯಕ, ಡಾವ್, ಕಾರಬಾರಿ ಅದರ ಮೂವರು ಹಿರಿಯರು. ಕಂದಾಯ ಇಲಾಖೆಯ ಕಡತದಲ್ಲಿ ಮಾತ್ರ ತಾಂಡವೇ ಇರಲಿಲ್ಲ. ಮನೆ ಕಟ್ಟಿದ ನೆಲ ಯಾರದೋ ಹಿಡುವಳಿ, ಅರಣ್ಯ, ಇಲ್ಲವೇ ಸರ್ಕಾರಿ. ತಲೆಮಾರುಗಳಿಂದ ವಾಸವಿರುವವರಿಗೆ ಮನೆಯಡಿಯ ಜಾಗದ ಹಕ್ಕು ಕೊಡಲು ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದದ್ದು 2016ರಲ್ಲಿ. ತಾಂಡ, ಗೊಲ್ಲರಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳಾಗಿಸುವ ಕೆಲಸ ಆಮೇಲೆ ಚುರುಕಾಯಿತು.

ಈಗ ತರೀಕೆರೆಯಿಂದ ಶಿವಮೊಗ್ಗ ದಾರಿ ಹಿಡಿದು ಇಪ್ಪತ್ತು ಕಿಲೋಮೀಟರು ಆಸುಪಾಸು ಹೋಗಿ. ಭದ್ರಾವತಿ ಬರುತ್ತದೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಈ ಊರೇ ದಲಿತ ಸಂಘರ್ಷ ಸಮಿತಿಯ ತೊಟ್ಟಿಲು ಎಂದು ಎಷ್ಟು ಮಂದಿಗೆ ಗೊತ್ತು? ಹರಿಹರದಲ್ಲಿ 1938ರ ಜೂನ್ 9ರಂದು ಹುಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ತರಗತಿಯಲ್ಲಿ ಹಳಗನ್ನಡ ಪಾಠ, ಸಂಜೆ ಕೇರಿಗಳಲ್ಲಿ ಸಭೆ. 1970ರ ದಶಕದ ನಡುಭಾಗದಲ್ಲಿ ಸಮಿತಿ ರೂಪುಗೊಂಡಾಗ ಮೊದಲ ರಾಜ್ಯ ಸಂಚಾಲಕರಾದರು. 1976ರಲ್ಲಿ ದಲಿತ ಲೇಖಕ-ಕಲಾವಿದರ ಸಮ್ಮೇಳನ ನಡೆದದ್ದೂ ಭದ್ರಾವತಿಯಲ್ಲಿಯೇ. ಸಂಘಟನೆಯೂ ಸಾಹಿತ್ಯವೂ ಒಂದೇ ಊರಿನಲ್ಲಿ, ಬಹುಮಟ್ಟಿಗೆ ಅದೇ ಜನರ ಕೈಯಲ್ಲಿ ಬೆಳೆದವು. ಕನ್ನಡದ ದಲಿತ ಸಾಹಿತ್ಯವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಬೇರೆ ಸಿಕ್ಕಿಲ್ಲ. ಇಲ್ಲಿ ಕವಿತೆ ಬರೆದವರೇ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಹಿಡಿದು ಕೂತರು. ಅರ್ಜಿ ಬರೆದುಕೊಟ್ಟವರೇ ರಾತ್ರಿ ನಾಟಕ ಆಡಿದರು. ಯಾವ ಪುಸ್ತಕ ಎತ್ತಿಕೊಂಡರೂ ಅದರ ಜೊತೆ ಒಂದು ಬೇಡಿಕೆ ಇದೆ: ಹೊಲ, ಶಾಲೆ, ನೀರು, ದಾರಿ, ಕೂಲಿ, ಮರ್ಯಾದೆ.

ಭದ್ರಾವತಿ ತಾಲ್ಲೂಕಿನ ಸಿದ್ಲೀಪುರದ ಭೂಹೋರಾಟ ಕೃಷ್ಣಪ್ಪನವರ ಹೆಸರಿನೊಂದಿಗೆ ಇಂದಿಗೂ ನೆನಪಾಗುತ್ತದೆ. ಸಾರಾಯಿ ಅಂಗಡಿಯ ಬದಲು ಉಳಲು ಭೂಮಿ ಕೊಡಿ, ಮಕ್ಕಳಿಗೆ ವಸತಿ ಶಾಲೆ ಕೊಡಿ ಎಂಬ ಸಮಿತಿಯ ಕೂಗು ಹಳ್ಳಿಹಳ್ಳಿಯ ಗೋಡೆಗಳ ಮೇಲೆ ಸುಣ್ಣದಲ್ಲಿ, ಕೆಮ್ಮಣ್ಣಿನಲ್ಲಿ ಬರಹವಾಯಿತು. ಎಷ್ಟೋ ಕೇರಿಗಳಲ್ಲಿ ಜನ ತಮ್ಮದೇ ಗೋಡೆಯ ಮೇಲೆ ತಮ್ಮ ಮಾತನ್ನು ಕಂಡದ್ದು ಅದೇ ಮೊದಲು.

ಕೃಷ್ಣಪ್ಪ ತೀರಿಕೊಂಡದ್ದು 1997ರ ಏಪ್ರಿಲ್ 30ರಂದು. ಹರಿಹರದ ಬಳಿಯ ಮೈತ್ರಿವನದಲ್ಲಿ ಅವರ ಸ್ಮಾರಕವಿದೆ.

ಒಂದು ಭಾಷಣಕ್ಕೆ ಒಂದು ಮಂತ್ರಿ ಪದವಿ ಹೋಯಿತು, ಒಂದು ಚಳವಳಿ ಹುಟ್ಟಿತು, ಗೊತ್ತೇ? 1973ರ ನವೆಂಬರ್, ಮೈಸೂರು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ತಮ್ಮ ಜನರ ಬದುಕು ಅದರಲ್ಲಿ ಇಲ್ಲವೆಂಬುದು ಅವರ ಸಂಕಟ. ಊರೂರಲ್ಲಿ ಪ್ರತಿಭಟನೆ ಎದ್ದಿತು. ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಏಟು ತಿಂದ ಆ ಹುಡುಗರಲ್ಲಿ ಹಲವರು ಮುಂದೆ ಬರಹಗಾರರಾದರು, ಸಂಘಟಕರಾದರು. ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ಬೀದಿಯಲ್ಲಿ ಬಡಿದಾಟವಾದದ್ದು ಕನ್ನಡದಲ್ಲಿ ಅಪರೂಪ. ಬರಹಕ್ಕೂ ಬೀದಿಗೂ ಇರುವ ನಂಟನ್ನು ಆ ತಲೆಮಾರು ಮೈಮೇಲಿನ ಬಾಸುಂಡೆಯಿಂದಲೇ ಕಲಿಯಿತು.

ಇದೇ ಬಸವಲಿಂಗಪ್ಪ ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು. ಬೂಸಾ ಮಾತು ಎಲ್ಲರಿಗೂ ನೆನಪಿದೆ. ಈ ಕೆಲಸವೂ ಅಷ್ಟೇ ಗಟ್ಟಿಯಾಗಿ ನೆನಪಿರಬೇಕು.

ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಕವಿಗೆ ವಯಸ್ಸು ಇಪ್ಪತ್ತೊಂದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದ ಹುಡುಗ. ಆ ಪದ್ಯಗಳು ಪುಸ್ತಕದಲ್ಲಿ ಕೂರಲಿಲ್ಲ. ತಮಟೆಯ ಜೊತೆ ಹೊರಟು ಜಾಥಾಗಳಲ್ಲಿ ಹಾಡಾದವು. ಓದು ಬಾರದವರೂ ಅವನ್ನು ಬಾಯಿಪಾಠ ಹೇಳುತ್ತಿದ್ದರು. ಕವಿಯ ಹೆಸರು ತಿಳಿಯದೆ ಹಾಡಿದವರೂ ಬಹಳ. ಕವಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಅಕಾಡೆಮಿಯೂ ಕೊಡಲಾರದು.

ಅದೇ ಸಿದ್ದಲಿಂಗಯ್ಯ ಸಂಶೋಧನೆಗೆ ಆರಿಸಿಕೊಂಡ ವಿಷಯ ಗ್ರಾಮದೇವತೆಗಳು. ಕೇರಿಯ ಮಾರಮ್ಮನನ್ನು ವಿಶ್ವವಿದ್ಯಾಲಯದ ಒಳಗೆ ಕರೆತಂದು ಕೂರಿಸಿದರು. ‘ಪಂಚಮ’, ‘ಏಕಲವ್ಯ’ ಅವರ ನಾಟಕಗಳು. 1988ರಿಂದ ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. 2021ರ ಜೂನ್ 11ರಂದು ಕೋವಿಡ್ ಅವರನ್ನು ಕೊಂಡೊಯ್ದಿತು.

ದಲಿತರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಕೊಂಡರೆ ಆ ಕ್ರಯ ಸಿಂಧುವಲ್ಲ. 1978ರ ಈ ಕಾಯ್ದೆಗೆ ರೈತರ ಬಾಯಲ್ಲಿ ‘ಪಿಟಿಸಿಎಲ್’ ಎಂದೇ ಹೆಸರು. ಕಡೂರು, ತರೀಕೆರೆಗಳಂಥ ಮಳೆಯಾಶ್ರಿತ ಸೀಮೆಯಲ್ಲಿ ಒಂದು ಬರಗಾಲಕ್ಕೆ ಎರಡು ಎಕರೆ ಕೈಬಿಟ್ಟು ಹೋಗುವುದು ಹೊಸ ಮಾತೇನಲ್ಲ. ಹೋದ ಜಮೀನನ್ನು ಮರಳಿ ಕೇಳಲು ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ. ಆದರೆ ಸಮಂಜಸ ಅವಧಿಯೊಳಗೆ ಬರಬೇಕಿತ್ತು ಎಂಬ ಕಾರಣಕ್ಕೆ 2017ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಎಷ್ಟೋ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವು. ಕಾಲಮಿತಿ ಅನ್ವಯಿಸದು ಎಂದು ಕಾಯ್ದೆಯಲ್ಲೇ ಬರೆದದ್ದು 2023ರಲ್ಲಿ.

‘ಚೋಮನ ದುಡಿ’ ನೆನಪಿರಬೇಕು. ಉಳಲು ಒಂದು ತುಂಡು ನೆಲ ಬೇಕೆಂದು ಚೋಮ ಬಯಸಿದ್ದು 1933ರಲ್ಲಿ, ಶಿವರಾಮ ಕಾರಂತರ ಕಾದಂಬರಿಯಲ್ಲಿ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು. 1975ರ ಆ ಚಿತ್ರದ ಚೋಮ ವಾಸುದೇವರಾವ್ ಶ್ರೇಷ್ಠ ನಟರಾದರು. ಕಾದಂಬರಿ ಬಂದು 45 ವರ್ಷಕ್ಕೆ ಪಿಟಿಸಿಎಲ್ ಬಂತು. ಅದಕ್ಕೆ ಹಲ್ಲು ಬರಲು ಮತ್ತೆ 45 ವರ್ಷ ಹಿಡಿಯಿತು.

ಇನ್ನೂ ಹಿಂದಕ್ಕೆ ಹೋದರೆ ಕುವೆಂಪು. ಅವರು ಹುಟ್ಟಿದ್ದು ಆಗಿನ ಕಡೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. 1928ರ ‘ಜಲಗಾರ’ ನಾಟಕದಲ್ಲಿ ಗುಡಿಯೊಳಗೆ ಬಿಡದ ಬೀದಿ ಗುಡಿಸುವವನ ಮುಂದೆ ಶಿವ ತಾನೇ ಜಲಗಾರನಾಗಿ ಬಂದು ನಿಲ್ಲುತ್ತಾನೆ. ಆಗ ಕುವೆಂಪು ಇನ್ನೂ ಇಪ್ಪತ್ತಮೂರರ ತರುಣ. ಶಿವರಾಮ ಕಾರಂತ, ಕುವೆಂಪು ಇಬ್ಬರೂ ಕೇರಿಯವರಲ್ಲ. ಕೇರಿ ತನ್ನ ಕಥೆಯನ್ನು ತಾನೇ ಹೇಳಲು ನಾಲ್ಕು ದಶಕ ಕಾಯಬೇಕಾಯಿತು. ಕಾರಣ ಸರಳ. ಬರೆಯಲು ಮೊದಲು ಶಾಲೆ ಬೇಕು, ಹಾಸ್ಟೆಲು ಬೇಕು, ಹೊಟ್ಟೆಗೆ ಅನ್ನ ಬೇಕು.

ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯ ನೋಡಿದ್ದೀರಾ? 1196ರ ಹೊಯ್ಸಳ ಗುಡಿ ಅದು. ಅಲ್ಲಿಯ ಶಾಸನದ ಪದ್ಯಗಳು ಕವಿ ಜನ್ನನವು. ಮುಂದೆ ‘ಯಶೋಧರ ಚರಿತೆ’ ಬರೆದ ಅದೇ ಜನ್ನ. ಎಂಟು ಶತಮಾನಗಳ ಹಿಂದೆಯೇ ದೊಡ್ಡ ಕವಿಯನ್ನು ಕರೆಸಿಕೊಂಡ ನೆಲವಿದು. ಆ ಕಲ್ಲುಗಳನ್ನು ಹೊತ್ತವರು, ಕಡೆದವರು, ಕೆರೆ ತೋಡಿದವರು ಹಾಡು ಕಟ್ಟಿರಲಾರರೇ? ಕಟ್ಟಿರುತ್ತಾರೆ. ಅವರ ಹಾಡನ್ನು ಕಲ್ಲಿನ ಮೇಲೆ ಕೊರೆಸುವವರು ಇರಲಿಲ್ಲ.

ಅದೇ ತಾಲ್ಲೂಕಿನ ಸಮತಳ ಗ್ರಾಮದಲ್ಲಿ 1959ರಲ್ಲಿ ಹುಟ್ಟಿದ ರಹಮತ್ ತರೀಕೆರೆ ಕುಲುಮೆ ಕಸುಬಿನ ಮನೆಯವರು. ಸೂಫಿಗಳು, ನಾಥರು, ಶಾಕ್ತರು, ಹೀಗೆ ಗುಡಿ-ಮಠಗಳ ದಾಖಲೆಗೆ ಸಿಗದೆ ಹೋದ ಜನರ ಪಂಥಗಳನ್ನು ಹುಡುಕುತ್ತ ಊರೂರು ಅಲೆದು ಬರೆದವರು. ‘ಕತ್ತಿಯಂಚಿನ ದಾರಿ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಂ.ಎಂ. ಕಲಬುರ್ಗಿ ಅವರ ಹತ್ಯೆಯಾದ ವರ್ಷ, 2015ರಲ್ಲಿ, ಅದನ್ನು ಮರಳಿಸಿದರು. ದೇವನೂರ ಮಹಾದೇವ ಅವರೂ ಅದೇ ವರ್ಷ ಅಕಾಡೆಮಿ ಪ್ರಶಸ್ತಿಯ ಜೊತೆಗೆ ಪದ್ಮಶ್ರೀಯನ್ನೂ ಹಿಂದಿರುಗಿಸಿದರು. ದಲಿತರ ಬರಹದ ಬಗ್ಗೆ ಮಾತಾಡುವಾಗ ರಹಮತ್ ಅವರನ್ನು ಏಕೆ ತಂದಿರಿ ಎಂದು ಯಾರಾದರೂ ಕೇಳಬಹುದು. ಅಲಕ್ಷಿತರ ಚರಿತ್ರೆಯನ್ನು ಪಾಂಡಿತ್ಯದ ಅಂಗಳಕ್ಕೆ ತಂದ ಕೆಲಸ ದಲಿತ ಬರಹಗಾರರದೂ ಅವರದೂ ಒಂದೇ, ಅದಕ್ಕೆ.

ದೇವನೂರರ ‘ಒಡಲಾಳ’ದಲ್ಲಿ ಒಂದು ಸಂಸಾರ ಕದ್ದು ತಂದ ಕಡ್ಲೇಕಾಯಿ ಮೂಟೆಯನ್ನು ರಾತ್ರೋರಾತ್ರಿ ಕೂತು ತಿಂದು ಮುಗಿಸುತ್ತದೆ, ಸಿಪ್ಪೆಯನ್ನೂ ಸುಟ್ಟು ಹಾಕುತ್ತದೆ. ಬೆಳಿಗ್ಗೆ ಪೊಲೀಸರು ಬರುತ್ತಾರೆ. ಹಸಿವನ್ನು ಹಬ್ಬವಾಗಿಸಿದ ಇಂಥ ಇನ್ನೊಂದು ರಾತ್ರಿ ಕನ್ನಡದ ಕಥೆಗಳಲ್ಲಿ ಇಲ್ಲ. ಸಿ.ಜಿ. ಕೃಷ್ಣಸ್ವಾಮಿ ಅದನ್ನು ರಂಗಕ್ಕೆ ತಂದರು. ಸಾಕವ್ವನಾಗಿ ಉಮಾಶ್ರೀ ಮಾಡಿದ ಪಾತ್ರವನ್ನು ನೋಡಿದವರು ಇವತ್ತಿಗೂ ಮರೆತಿಲ್ಲ.

ಅವರದೇ ‘ಕುಸುಮಬಾಲೆ’ಗೆ 1990ರ ಅಕಾಡೆಮಿ ಪ್ರಶಸ್ತಿ. ನಂಜನಗೂಡು ಸೀಮೆಯ ಕೇರಿಮಾತು ಅದರಲ್ಲಿ ಎಷ್ಟು ದಟ್ಟವಾಗಿದೆ ಎಂದರೆ, ಹಳಗನ್ನಡ ಪಂಡಿತ ಎಲ್. ಬಸವರಾಜು ಅದರ ಗದ್ಯವನ್ನು ಪದ್ಯದಂತೆ ಸಾಲು ಒಡೆದು ಮತ್ತೆ ಅಚ್ಚು ಹಾಕಿಸಿದರು. ಪಂಪನನ್ನು ಸಂಪಾದಿಸುವ ಶ್ರದ್ಧೆಯಲ್ಲಿ ಕೇರಿಯ ಕಾದಂಬರಿಯನ್ನು ಸಂಪಾದಿಸಿದ ವಿದ್ವಾಂಸರು ಅವರು.

1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನಕ್ಕೆ ದಲಿತ ಸಾಹಿತ್ಯದ್ದೇ ಒಂದು ಗೋಷ್ಠಿ ಬೇಕೆಂದು ಚೆನ್ನಣ್ಣ ವಾಲೀಕಾರ ಕೇಳಿದರು. ಸಿಗಲಿಲ್ಲ. ಸಾಹಿತ್ಯದಲ್ಲಿ ದಲಿತ, ಬಲಿತ ಎಂಬ ಭೇದವಿಲ್ಲ ಎಂಬುದು ಆಗ ಬಂದ ಉತ್ತರದ ಸಾರ. ಆ ವರ್ಷದ ಮಾರ್ಚ್‌ನಲ್ಲೇ ಬೆಂಗಳೂರಿನಲ್ಲಿ ಬರಗೂರು ರಾಮಚಂದ್ರಪ್ಪ ಮತ್ತಿತರ ಗೆಳೆಯರು ಸೇರಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದರು. ಕಾವ್ಯವನ್ನು ಖಡ್ಗವಾಗು ಎಂದು ಕರೆದ ಅದರ ಘೋಷವಾಕ್ಯ ಡಿ.ಆರ್. ನಾಗರಾಜ್ ಅವರದು.

ಧರ್ಮಸ್ಥಳದಲ್ಲಿ ಒಂದು ಗೋಷ್ಠಿಗೂ ಜಾಗವಿರಲಿಲ್ಲ. 36 ವರ್ಷದ ಮೇಲೆ, 2015ರಲ್ಲಿ, ಶ್ರವಣಬೆಳಗೊಳದ 81ನೇ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತವರು ಸಿದ್ದಲಿಂಗಯ್ಯ. ಆ ಪೀಠಕ್ಕೆ ಬಂದ ಮೊದಲ ದಲಿತ ಲೇಖಕ. ದೇವನೂರ ಮಹಾದೇವ ಅವರಿಗೂ ಅಧ್ಯಕ್ಷತೆಯ ಆಹ್ವಾನ ಹೋಗಿತ್ತು. ಶಾಲೆಯಲ್ಲಿ ಕನ್ನಡ ಮಾಧ್ಯಮ ಜಾರಿಯಾಗದೆ ಆ ಗೌರವ ತಮಗೆ ಬೇಡ ಎಂದುಬಿಟ್ಟರು.

ಬಂಡಾಯದ ಅಂಗಳದಿಂದ ಬಂದ ಬಾನು ಮುಷ್ತಾಕ್ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದರು. ಕಥೆಗಳನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿ ಪ್ರಶಸ್ತಿಯಲ್ಲಿ ಸಮಪಾಲುದಾರರು. ಬೂಕರ್ ಸುದ್ದಿ ಓದಿ ಹಿಗ್ಗಿದವರು 1979ರ ಆ ನಿರಾಕರಣೆಯನ್ನೂ ಜೊತೆಯಲ್ಲೇ ನೆನೆಯಬೇಕು ಎಂದು ನನ್ನ ಕಳಕಳಿ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ಹರಕೆ ಹೊತ್ತು ಬರುತ್ತಿದ್ದವರಲ್ಲಿ ಬಡವರು, ದಲಿತ ಹೆಣ್ಣುಮಕ್ಕಳು ಹೆಚ್ಚು. 1986ರ ಮಾರ್ಚ್‌ನಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ ಗುಂಪು ಎರಗಿತು. ಕೃಷ್ಣಪ್ಪನವರೂ ಏಟು ತಿಂದರು. ರಕ್ಷಣೆಗಿದ್ದ ಪೊಲೀಸರನ್ನೂ ಜನ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಕನ್ನಡ ಮೇಷ್ಟ್ರೊಬ್ಬರು ಹೆಣ್ಣುಮಕ್ಕಳ ಮಾನಕ್ಕಾಗಿ ಹೊಳೆದಂಡೆಯಲ್ಲಿ ಏಟು ತಿಂದದ್ದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅಡಿಟಿಪ್ಪಣಿಯಾಗಿ ಕೂಡ ಸಿಗುವುದು ಕಷ್ಟ. ಅದು ಪಾಠದಲ್ಲಿ ಬರಬೇಕಾದ ಸಂಗತಿ.

ಕನ್ನಡದ ಮೊದಲ ದಲಿತ ಆತ್ಮಕಥೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, 1994. ವಿದ್ಯಾರ್ಥಿವೇತನ, ಮೀಸಲಾತಿ ಪಡೆದ ಹುಡುಗರನ್ನು ಚುಚ್ಚಲು ಬಳಸುತ್ತಿದ್ದ ಮಾತನ್ನೇ ಅವರು ಪುಸ್ತಕದ ಹೆಸರಾಗಿಸಿದರು. ಎರಡು ವರ್ಷದಲ್ಲಿ ಸಿದ್ದಲಿಂಗಯ್ಯನವರ ‘ಊರುಕೇರಿ’ ಬಂತು. ಅದರಲ್ಲಿ ನಗು ಹೆಚ್ಚು. ಬಡತನವನ್ನು ನಗುನಗುತ್ತಲೇ ಹೇಳಿ, ಓದುಗರ ಕರುಣೆಯನ್ನು ಬಾಗಿಲಲ್ಲೇ ನಿಲ್ಲಿಸುವ ಪುಸ್ತಕ ಅದು.

ಮರಾಠಿಯ ದಲಿತ ಆತ್ಮಕಥೆ ‘ಅಕ್ಕರಮಾಶಿ’ ಬರೆದ ಶರಣಕುಮಾರ ಲಿಂಬಾಳೆ ಹುಟ್ಟಿದ ಹನ್ನೂರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನದು. ಮನೆ, ಸಂತೆಗಳಲ್ಲಿ ಕನ್ನಡ ಕೇಳುವ ಗಡಿಸೀಮೆ. ಅವರಿಗೆ 2020ರ ಸರಸ್ವತಿ ಸಮ್ಮಾನ್ ಸಂದಿದೆ.

ಚಿಕ್ಕಮಗಳೂರು ಜಿಲ್ಲೆಯಿಂದಲೇ ಒಂದು ಆತ್ಮಕಥೆ ಬಂದಿದೆ. ಮೂಡಿಗೆರೆಯ ಮೋಟಮ್ಮ ಅವರದು, 2022ರಲ್ಲಿ. ಸಚಿವೆಯಾಗಿದ್ದಾಗ ಸ್ತ್ರೀಶಕ್ತಿ ಸಂಘಗಳ ಯೋಜನೆಯನ್ನು ಹಳ್ಳಿಗಳಿಗೆ ತಂದವರು ಅವರು. ವಾರಕ್ಕೊಮ್ಮೆ ಸಭೆ ಸೇರಿ, ಉಳಿತಾಯದ ಪುಸ್ತಕದಲ್ಲಿ ಸಹಿ ಹಾಕಲು ಕಲಿತ ಹೆಂಗಸರು ಅಜ್ಜಂಪುರ, ಕಡೂರಿನ ಊರೂರಲ್ಲಿ ಸಿಗುತ್ತಾರೆ. ಲಲಿತಾ ನಾಯಕ್, ಮೋಟಮ್ಮ ಇಬ್ಬರೂ ಒಂದೇ ಜಿಲ್ಲೆಯವರು. ಇಬ್ಬರೂ ಬರೆದರು, ಇಬ್ಬರೂ ಸರ್ಕಾರದ ಕಡತಕ್ಕೆ ಸಹಿ ಹಾಕುವ ಕುರ್ಚಿಯಲ್ಲೂ ಕೂತರು.

ಇನ್ನೊಂದಿಷ್ಟು ಬೇಗಬೇಗ. ಮೂಡ್ನಾಕೂಡು ಚಿನ್ನಸ್ವಾಮಿ ಸರ್ಕಾರಿ ಸಾರಿಗೆ ಸಂಸ್ಥೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಕವಿ. ಬೌದ್ಧ ತಾತ್ವಿಕತೆ ಕುರಿತ ಪ್ರಬಂಧಗಳಿಗೆ 2022ರ ಅಕಾಡೆಮಿ ಪ್ರಶಸ್ತಿ ಪಡೆದರು. ಪೌರಕಾರ್ಮಿಕರ ಜೊತೆ ಬೀದಿಯಲ್ಲಿ ನಿಂತು ದುಡಿದ ದು. ಸರಸ್ವತಿ ‘ಸಣ್ತಿಮ್ಮಿ ರಾಮಾಯಣ’ ಬರೆದು ತಾವೇ ರಂಗದ ಮೇಲೆ ಆಡಿ ತೋರಿಸುತ್ತಾರೆ. ಸಾವಿಗೂ ಜಾತ್ರೆಗೂ ಬಡಿಯುವ ತಮಟೆಗೆ ಮೊದಲು ಸಿಗುತ್ತಿದ್ದುದು ಬಿಟ್ಟಿ ಕರೆ. 2023ರಲ್ಲಿ ತಮಟೆ ಕಲಾವಿದ ಚಿಕ್ಕಬಳ್ಳಾಪುರದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು.

ಇದೆಲ್ಲ ಹಳೆಯ ಕಥೆ, ಈಗ ಎಲ್ಲಿದೆ ಅಸ್ಪೃಶ್ಯತೆ ಎನ್ನುವವರಿಗೆ ತರೀಕೆರೆ ತಾಲ್ಲೂಕಿನದೇ ಒಂದು ಸುದ್ದಿ. 2024ರ ಜನವರಿಯ ಮೊದಲ ವಾರ ಗೇರುಮರಡಿಯ ಗೊಲ್ಲರಹಟ್ಟಿಯೊಳಗೆ ಜೆಸಿಬಿ ಕೆಲಸಕ್ಕೆ ಹೋದ ದಲಿತ ಯುವಕನ ಮೇಲೆ ಹಲ್ಲೆಯಾಯಿತೆಂಬ ದೂರು ಠಾಣೆಗೆ ಬಂತು. ದಲಿತ ಸಂಘಟನೆಗಳು ಸೇರಿದವು. ಅಧಿಕಾರಿಗಳು, ಪೊಲೀಸರ ಸಮ್ಮುಖದಲ್ಲಿ ದಲಿತರು ಆ ಹಟ್ಟಿಯ ಬೀದಿಯಲ್ಲಿ ನಡೆದು, ಗುಡಿಯನ್ನೂ ಪ್ರವೇಶಿಸಿದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು 1950ರಲ್ಲಿ. ಅದನ್ನು ಅಪರಾಧವೆಂದು ಶಿಕ್ಷೆ ವಿಧಿಸುವ ಕಾಯ್ದೆ ಬಂದದ್ದು 1955ರಲ್ಲಿ. ದೌರ್ಜನ್ಯ ತಡೆ ಕಾಯ್ದೆ 1989ರದು. ಆ ಹಟ್ಟಿಯವರೂ ಬಡವರು, ಅವರ ಮನೆಯಡಿಯ ನೆಲಕ್ಕೂ 2016ರ ತಿದ್ದುಪಡಿಯೇ ಆಸರೆ ಎಂಬುದನ್ನು ನೋವಿನಿಂದಲೇ ಬರೆಯಬೇಕಾಗಿದೆ.

ಕೊನೆಗೊಂದು. ತುಮಕೂರಿನ ಕೆ.ಬಿ. ಸಿದ್ದಯ್ಯ ‘ದಕ್ಲಕಥಾದೇವಿ’ ಎಂಬ ಖಂಡಕಾವ್ಯ ಬರೆದರು. ದಕ್ಕಲಿಗರು ಮಾದಿಗರ ಕುಲಕಥೆ ಹಾಡುವ ಅಲೆಮಾರಿಗಳು, ಅಸ್ಪೃಶ್ಯರಿಗೂ ಅಸ್ಪೃಶ್ಯರಾಗಿ ಊರಾಚೆಯ ಕೇರಿಗಿಂತಲೂ ಆಚೆ ಬಿಡಾರ ಹೂಡಿದವರು. ಸಿದ್ದಯ್ಯ 2019ರಲ್ಲಿ ತೀರಿಕೊಂಡ ಮೇಲೆ ಲಕ್ಷ್ಮಣ ಕೆ.ಪಿ. ಅದನ್ನು ಅರೆ, ತಮಟೆ ವಾದ್ಯಗಳ ಜೊತೆ ರಂಗಕ್ಕೆ ತಂದರು. ಊರೂರಲ್ಲಿ ಜನ ನೋಡಿದರು. 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಶೇ 17ರ ಮೀಸಲಾತಿಯನ್ನು 6, 6, 5 ಎಂದು ಹಂಚಿತು. ದಕ್ಕಲಿಗರಂಥ 59 ಅಲೆಮಾರಿ ಜಾತಿಗಳಿಗೆ ನಾಗಮೋಹನದಾಸ್ ಆಯೋಗ ಪ್ರತ್ಯೇಕವಾಗಿ ಹೇಳಿದ್ದ ಶೇ 1 ಕೈತಪ್ಪಿ, ಲಂಬಾಣಿ, ಭೋವಿ, ಕೊರಚ, ಕೊರಮರ ಜೊತೆ ಶೇ 5ರ ಗುಂಪಿಗೆ ಅವರು ಸೇರಿದರು. ಆ ಹಂಚಿಕೆಯಂತೆ ಕಡೂರಿನ ತಾಂಡದ ಮಗುವೂ ದಕ್ಕಲಿಗರ ಬಿಡಾರದ ಮಗುವೂ ಒಂದೇ ಸಾಲಿನಲ್ಲಿ ನಿಂತು ಅದೇ ಸೀಟು ಕೇಳಬೇಕಾಯಿತು. ಅಲೆಮಾರಿಗಳು ತಮ್ಮ ಒಂದು ಪಾಲನ್ನು ಕೇಳುತ್ತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಅಲ್ಲಿಂದ ದೆಹಲಿಗೂ ಹೋದರು.